ಭಾರತದ 28 ರಾಜ್ಯಗಳು: ಅಡ್ಡಹೆಸರು, ಹುಟ್ಟಿದ ದಿನ, ರಾಜಧಾನಿ ಮರೆಯದ ಹಾಗೆ ಕಲಿಯುವುದು ಹೇಗೆ?

ಸಾಮಾನ್ಯ ಜ್ಞಾನದ ಯಾವ ಪುಸ್ತಕ ತೆಗೆದರೂ ರಾಜ್ಯಗಳ ಉದ್ದನೆಯ ಪಟ್ಟಿ ಒಂದು ಇದ್ದೇ ಇರುತ್ತದೆ. ಎಡಗಡೆ ರಾಜ್ಯದ ಹೆಸರು, ಪಕ್ಕದಲ್ಲಿ ರಾಜಧಾನಿ, ಆಮೇಲೆ ಸ್ಥಾಪನೆಯಾದ ದಿನ, ವಿಸ್ತೀರ್ಣ, ಭಾಷೆ, ಕೊನೆಗೆ ಅಡ್ಡಹೆಸರು. ಬೆಳಿಗ್ಗೆ ಕೂತು ಬಾಯಿಪಾಠ ಮಾಡಿದರೆ ಸಂಜೆ ಹೊತ್ತಿಗೆ ಕೊಹಿಮಾ, ಐಜ್ವಾಲ್ ಅದಲುಬದಲಾಗಿರುತ್ತವೆ. 1963 ಯಾವುದು, 1966 ಯಾವುದು ಅನ್ನೋದು ಮಸುಕಾಗಿರುತ್ತದೆ. ಪೊಲೀಸ್ ಕಾನ್‌ಸ್ಟೇಬಲ್ ಪರೀಕ್ಷೆಗೆ, ಎಸ್‌ಡಿಎ, ಎಫ್‌ಡಿಎಗೆ ಓದುವವರಿಗೆ ಇದು ದಿನನಿತ್ಯದ ತಲೆನೋವು. ಮಕ್ಕಳಿಗೆ ಹೇಳಿಕೊಡುವ ಅಪ್ಪ ಅಮ್ಮಂದಿರಿಗೂ ಅಷ್ಟೇ.

ತಪ್ಪು ಓದುವವರದ್ದಲ್ಲ, ಪಟ್ಟಿಯದ್ದು. ಅದರಲ್ಲಿ ಒಂದು ಸಾಲಿಗೂ ಇನ್ನೊಂದು ಸಾಲಿಗೂ ಸಂಬಂಧವೇ ಕಾಣುವುದಿಲ್ಲ. ನಿಜದಲ್ಲಿ ನಮ್ಮ ರಾಜ್ಯಗಳೆಲ್ಲ ಒಂದಕ್ಕೊಂದು ನಂಟು. ಬಹುಪಾಲು ರಾಜ್ಯಗಳು ಇನ್ನೊಂದು ರಾಜ್ಯದಿಂದ ಬೇರೆಯಾಗಿ ಅಥವಾ ಹಲವು ತುಂಡುಗಳು ಸೇರಿ ಆಗಿವೆ, ಕೂಡು ಕುಟುಂಬದಲ್ಲಿ ಪಾಲಾದ ಹಾಗೆ. ಯಾರು ಯಾರಿಂದ ಬೇರೆಯಾದರು ಅಂತ ಗೊತ್ತಾದರೆ ತಾರೀಖು, ರಾಜಧಾನಿ, ಅಡ್ಡಹೆಸರು ಎಲ್ಲ ಅದರ ಹಿಂದೆಯೇ ಬರುತ್ತವೆ. ಈ ಮಾರ್ಗದರ್ಶಿ ಇರುವುದು ಆ ಕ್ರಮದಲ್ಲೇ.

ಹಂತ 1: ಮೊದಲು ಲೆಕ್ಕ ಸರಿ ಮಾಡಿಕೊಳ್ಳಿ

ಈಗ ಇರುವುದು 28 ರಾಜ್ಯ, 8 ಕೇಂದ್ರಾಡಳಿತ ಪ್ರದೇಶ. ನಿಮ್ಮ ಕೈಯಲ್ಲಿರುವ ಪುಸ್ತಕದಲ್ಲಿ 29 ಮತ್ತು 7 ಅಂತ ಇದ್ದರೆ ಅದು ಹಳೆಯ ಮುದ್ರಣ. 2019ರ ಅಕ್ಟೋಬರ್ 31ರಂದು ಜಮ್ಮು ಮತ್ತು ಕಾಶ್ಮೀರ ರಾಜ್ಯ ಎರಡು ಕೇಂದ್ರಾಡಳಿತ ಪ್ರದೇಶಗಳಾಯಿತು: ಜಮ್ಮು ಮತ್ತು ಕಾಶ್ಮೀರ, ಲಡಾಖ್. ಆಗ ರಾಜ್ಯ 28, ಕೇಂದ್ರಾಡಳಿತ 9. ಮೂರೇ ತಿಂಗಳಲ್ಲಿ, 2020ರ ಜನವರಿ 26ರಂದು, ದಾದ್ರಾ ಮತ್ತು ನಗರ್ ಹವೇಲಿ ಹಾಗೂ ದಮನ್ ಮತ್ತು ದಿಯು ಎರಡನ್ನೂ ಸೇರಿಸಿ ಒಂದು ಮಾಡಿದರು. ಹೀಗೆ 8 ಆಯಿತು.

ಈ ಎಂಟರ ಹೆಸರು ಒಮ್ಮೆ ಬರೆದುಕೊಳ್ಳಿ: ದೆಹಲಿ, ಪುದುಚೇರಿ, ಚಂಡೀಗಢ, ಲಕ್ಷದ್ವೀಪ, ಅಂಡಮಾನ್ ಮತ್ತು ನಿಕೋಬಾರ್, ಜಮ್ಮು ಮತ್ತು ಕಾಶ್ಮೀರ, ಲಡಾಖ್, ಮತ್ತೆ ಆ ಉದ್ದ ಹೆಸರಿನ ದಾದ್ರಾ ಮತ್ತು ನಗರ್ ಹವೇಲಿ ಹಾಗೂ ದಮನ್ ಮತ್ತು ದಿಯು. ಇವುಗಳಲ್ಲಿ ವಿಧಾನಸಭೆ ಇರುವುದು ದೆಹಲಿ, ಪುದುಚೇರಿ, ಜಮ್ಮು ಮತ್ತು ಕಾಶ್ಮೀರ ಮೂರಕ್ಕೆ ಮಾತ್ರ. ಪುದುಚೇರಿ ಒಂದೇ ಜಾಗದಲ್ಲಿ ಇಲ್ಲ ಅನ್ನೋದನ್ನೂ ಗಮನಿಸಿ. ಅದರ ಮಾಹೆ ಕೇರಳದ ಮಗ್ಗುಲಲ್ಲಿದೆ, ಯಾನಂ ಆಂಧ್ರದ ಒಳಗಿದೆ, ಕಾರೈಕಲ್ ತಮಿಳುನಾಡಿನ ಕರಾವಳಿಯಲ್ಲಿದೆ. ಎಲ್ಲವೂ ಫ್ರೆಂಚರ ಕೈಯಲ್ಲಿದ್ದ ಊರುಗಳು, ಅದಕ್ಕೇ ಒಂದೇ ಆಡಳಿತ.

ಹಂತ 2: ಖಾಲಿ ನಕ್ಷೆ ತನ್ನಿ, ನಮ್ಮ ರಾಜ್ಯದಿಂದ ಹೊರಡಿ

ಪುಸ್ತಕದ ಅಂಗಡಿಯಲ್ಲಿ ಭಾರತದ ಔಟ್‌ಲೈನ್ ಮ್ಯಾಪ್ ಸಿಗುತ್ತದೆ. ರಾಜ್ಯಗಳ ಗಡಿ ಇರುವ, ಹೆಸರು ಇಲ್ಲದ ಹಾಳೆ. ನಾಲ್ಕೈದು ತಂದಿಟ್ಟುಕೊಳ್ಳಿ.

ಕರ್ನಾಟಕದಿಂದಲೇ ಶುರು ಮಾಡಿ. ಸುತ್ತ ಆರು ನೆರೆಯವರು: ಗೋವಾ, ಮಹಾರಾಷ್ಟ್ರ, ತೆಲಂಗಾಣ, ಆಂಧ್ರಪ್ರದೇಶ, ತಮಿಳುನಾಡು, ಕೇರಳ. ಇವುಗಳನ್ನು ಗಡಿಯಾರದ ದಿಕ್ಕಿನಲ್ಲಿ ತುಂಬಿ. ಆಮೇಲೆ ಮಹಾರಾಷ್ಟ್ರದ ನೆರೆಯವರು ಯಾರು, ತೆಲಂಗಾಣದ ನೆರೆಯವರು ಯಾರು ಅಂತ ಹೊರಗೆ ಹೋಗುತ್ತಾ ಇರಿ. ಉತ್ತರ ಪ್ರದೇಶಕ್ಕೆ ಬಂದಾಗ ಸ್ವಲ್ಪ ನಿಲ್ಲಿ. ಅತಿ ಹೆಚ್ಚು ನೆರೆಯವರಿರುವ ರಾಜ್ಯ ಅದು: ಉತ್ತರಾಖಂಡ, ಹಿಮಾಚಲ ಪ್ರದೇಶ, ಹರಿಯಾಣ, ರಾಜಸ್ಥಾನ, ಮಧ್ಯಪ್ರದೇಶ, ಛತ್ತೀಸ್‌ಗಢ, ಜಾರ್ಖಂಡ್, ಬಿಹಾರ ಎಂಟು ರಾಜ್ಯ, ಜೊತೆಗೆ ದೆಹಲಿ.

ಬಂಗಾಳ ದಾಟಿ ಈಶಾನ್ಯಕ್ಕೆ ಹೋಗುವಾಗ ನಕ್ಷೆಯಲ್ಲಿ ಒಂದು ಕಡೆ ದೇಶ ತೀರಾ ಕಿರಿದಾಗುತ್ತದೆ. ಅದೇ ಸಿಲಿಗುರಿ ಕಾರಿಡಾರ್, ಅತಿ ಕಿರಿದಾದ ಜಾಗದಲ್ಲಿ ಸುಮಾರು 20 ಕಿಲೋಮೀಟರ್. ಅದರ ಆಚೆ ಈಶಾನ್ಯದ ಎಂಟು ರಾಜ್ಯಗಳಲ್ಲಿ ಏಳು ಇವೆ, ಸಿಕ್ಕಿಂ ಮಾತ್ರ ಈಚೆ ತುದಿಯ ಮೇಲ್ಭಾಗದಲ್ಲಿ. ಆ ಏಳನ್ನು ಹೆಸರಿನಿಂದ ಕಲಿಯುವುದಕ್ಕಿಂತ ಜಾಗದಿಂದ ಕಲಿಯುವುದು ಸುಲಭ. ಅಸ್ಸಾಂ ನಡುವೆ, ಅರುಣಾಚಲ ತಲೆ ಮೇಲೆ, ಮೇಘಾಲಯ ಅಡಿಯಲ್ಲಿ. ಪೂರ್ವದ ಅಂಚಿನಲ್ಲಿ ಮೇಲಿಂದ ಕೆಳಕ್ಕೆ ನಾಗಾಲ್ಯಾಂಡ್, ಮಣಿಪುರ, ಮಿಜೋರಾಂ. ಮೂರು ಕಡೆ ಬಾಂಗ್ಲಾದೇಶ ಸುತ್ತಿಕೊಂಡಿರುವುದು ತ್ರಿಪುರ. ನಾ, ಮ, ಮಿ ಅಂತ ಒಂದು ಸಲ ಹೇಳಿಕೊಂಡರೆ ಮತ್ತೆ ಅದಲುಬದಲಾಗುವುದಿಲ್ಲ.

ಹಂತ 3: ಯಾರು ಯಾರ ಮನೆಯವರು ನೋಡಿ

ಇಡೀ ಕಲಿಕೆಯ ಜೀವಾಳ ಇದು. ಇದಕ್ಕೆ ಜಾಸ್ತಿ ಸಮಯ ಕೊಡಿ.

ಭಾಷೆಯ ಆಧಾರದ ಮೇಲೆ ಮೊದಲು ಆದ ಪ್ರಾಂತ್ಯ ಒಡಿಶಾ, 1936ರ ಏಪ್ರಿಲ್ 1ರಂದು, ಬ್ರಿಟಿಷರ ಕಾಲದಲ್ಲೇ. ಸ್ವಾತಂತ್ರ್ಯದ ನಂತರ ಬಾಗಿಲು ತೆರೆದದ್ದು ಆಂಧ್ರ. ತೆಲುಗರಿಗೆ ಪ್ರತ್ಯೇಕ ರಾಜ್ಯ ಬೇಕೆಂದು ಪೊಟ್ಟಿ ಶ್ರೀರಾಮುಲು ಉಪವಾಸ ಕೂತು, 1952ರ ಡಿಸೆಂಬರ್ 15ರಂದು ಪ್ರಾಣ ಬಿಟ್ಟರು. ಮುಂದಿನ ವರ್ಷ, 1953ರ ಅಕ್ಟೋಬರ್ 1ರಂದು ಮದ್ರಾಸಿನಿಂದ ಬೇರೆಯಾಗಿ ಆಂಧ್ರ ರಾಜ್ಯ ಹುಟ್ಟಿತು. ಕರ್ನೂಲು ರಾಜಧಾನಿ. ಅದೇ ದಿನ ಬಳ್ಳಾರಿ ಮದ್ರಾಸ್ ಬಿಟ್ಟು ಮೈಸೂರಿಗೆ ಸೇರಿತು. ಆದವಾನಿ, ಆಲೂರು, ರಾಯದುರ್ಗ ಮಾತ್ರ ಆಂಧ್ರಕ್ಕೆ ಹೋದವು.

ಆ ವರ್ಷದ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ರಾಜ್ಯ ಪುನರ್ವಿಂಗಡಣಾ ಆಯೋಗ ನೇಮಿಸಿತು. ಫಜಲ್ ಅಲಿ ಅಧ್ಯಕ್ಷರು, ಎಚ್.ಎನ್. ಕುಂಜ್ರು ಮತ್ತು ಕೆ.ಎಂ. ಪಣಿಕ್ಕರ್ ಸದಸ್ಯರು. ಅವರ ವರದಿಯ ಮೇಲೆ 1956ರ ನವೆಂಬರ್ 1ರಂದು ಹೊಸ ನಕ್ಷೆ ಬಂತು: 14 ರಾಜ್ಯ, 6 ಕೇಂದ್ರಾಡಳಿತ ಪ್ರದೇಶ.

ಇಲ್ಲಿ ನಮ್ಮ ರಾಜ್ಯವನ್ನು ಸ್ವಲ್ಪ ಹತ್ತಿರದಿಂದ ನೋಡಿ. ಆವತ್ತು ಐದು ಕಡೆಯಿಂದ ತುಂಡುಗಳು ಬಂದು ಸೇರಿದವು. ಹಳೇ ಮೈಸೂರು ಒಂದು. ಮುಂಬೈ ರಾಜ್ಯದಿಂದ ಬೆಳಗಾವಿ (ಚಂದಗಡ ತಾಲ್ಲೂಕು ಬಿಟ್ಟು), ಬಿಜಾಪುರ, ಧಾರವಾಡ, ಉತ್ತರ ಕನ್ನಡ. ಹೈದರಾಬಾದಿನಿಂದ ಬೀದರ್, ಗುಲ್ಬರ್ಗ, ರಾಯಚೂರು ಜಿಲ್ಲೆಗಳ ಕನ್ನಡ ಭಾಗ. ಮದ್ರಾಸಿನಿಂದ ದಕ್ಷಿಣ ಕನ್ನಡ ಮತ್ತು ಕೊಳ್ಳೇಗಾಲ. ಐದನೆಯದು ಕೊಡಗು. ಹೌದು, ಅಲ್ಲಿಯವರೆಗೆ ಕೊಡಗು ಒಂದು ಪ್ರತ್ಯೇಕ ರಾಜ್ಯ, ಸಿ.ಎಂ. ಪೂಣಚ್ಚ ಅದರ ಮುಖ್ಯಮಂತ್ರಿ. ದಕ್ಷಿಣ ಕನ್ನಡದ ಕಾಸರಗೋಡು ಮಾತ್ರ ಕೇರಳದ ಪಾಲಾಯಿತು, ಆ ನೋವು ಅಲ್ಲಿನ ಕನ್ನಡಿಗರಲ್ಲಿ ಇನ್ನೂ ಇದೆ. ಹೆಸರು ಮೈಸೂರು ರಾಜ್ಯ ಅಂತಲೇ ಇತ್ತು. ದೇವರಾಜ ಅರಸು ಮುಖ್ಯಮಂತ್ರಿಯಾಗಿದ್ದಾಗ, 1973ರ ನವೆಂಬರ್ 1ರಂದು ಕರ್ನಾಟಕವಾಯಿತು.

ಇದು ಗೊತ್ತಿದ್ದರೆ ಎಷ್ಟೋ ಬೇರೆ ಪ್ರಶ್ನೆಗಳು ತಾವಾಗಿಯೇ ಬಿಡಿಸಿಕೊಳ್ಳುತ್ತವೆ. ಹೈದರಾಬಾದ್ ಕರ್ನಾಟಕ ಅಂತ ಯಾಕೆ ಕರೆಯುತ್ತಿದ್ದರು, 2019ರಲ್ಲಿ ಅದು ಕಲ್ಯಾಣ ಕರ್ನಾಟಕ ಯಾಕಾಯಿತು, ಮುಂಬೈ ಕರ್ನಾಟಕ 2021ರಲ್ಲಿ ಕಿತ್ತೂರು ಕರ್ನಾಟಕ ಹೇಗಾಯಿತು, ಆ ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371ಜೆ ವಿಧಿ ಯಾವ ಜಿಲ್ಲೆಗಳಿಗೆ, ಎಲ್ಲದರ ಬೇರು ಇಲ್ಲಿದೆ.

ಅದೇ 1956ರ ನವೆಂಬರ್ 1ರಂದು ತಿರುವಾಂಕೂರು–ಕೊಚ್ಚಿ ಮತ್ತು ಮದ್ರಾಸಿನ ಮಲಬಾರ್ ಸೇರಿ ಕೇರಳವಾಯಿತು. ಆಂಧ್ರಕ್ಕೆ ಹೈದರಾಬಾದಿನ ತೆಲುಗು ಜಿಲ್ಲೆಗಳು ಸೇರಿ ಆಂಧ್ರಪ್ರದೇಶವಾಯಿತು. ಮಧ್ಯಪ್ರದೇಶದ ಈಗಿನ ರೂಪಕ್ಕೆ ಅಡಿಪಾಯ ಬಿದ್ದದ್ದೂ ಅವತ್ತೇ. ಅಂದರೆ ನವೆಂಬರ್ 1 ನಮ್ಮೊಬ್ಬರ ಹಬ್ಬ ಅಲ್ಲ. ಇದಕ್ಕೆ 1966ರ ನವೆಂಬರ್ 1ರ ಹರಿಯಾಣ, 2000ದ ನವೆಂಬರ್ 1ರ ಛತ್ತೀಸ್‌ಗಢ ಸೇರಿಸಿ. ಒಂದೇ ತಾರೀಖಿನಲ್ಲಿ ಆರು ರಾಜ್ಯ ಮುಗಿಯಿತು ನೋಡಿ.

ಇನ್ನು ಉಳಿದ ಮನೆಗಳು.

ಮುಂಬೈ ರಾಜ್ಯ 1960ರ ಮೇ 1ರಂದು ಮಹಾರಾಷ್ಟ್ರ, ಗುಜರಾತ್ ಅಂತ ಎರಡಾಯಿತು. ಪಂಜಾಬಿನಿಂದ 1966ರಲ್ಲಿ ಹರಿಯಾಣ ಬೇರೆಯಾಯಿತು, ಗುಡ್ಡಗಾಡಿನ ಕೆಲವು ಭಾಗ ಹಿಮಾಚಲಕ್ಕೆ ಹೋಯಿತು, ಚಂಡೀಗಢ ಇಬ್ಬರಿಗೂ ರಾಜಧಾನಿಯಾಗಿ ಕೇಂದ್ರದ ಕೈಯಲ್ಲಿ ಉಳಿಯಿತು. ಹಿಮಾಚಲ ಪೂರ್ಣ ರಾಜ್ಯವಾದದ್ದು 1971ರ ಜನವರಿ 25. ಮದ್ರಾಸ್ ರಾಜ್ಯ ಹೆಸರು ಬದಲಿಸಿಕೊಂಡು ತಮಿಳುನಾಡು ಆದದ್ದು 1969ರ ಜನವರಿ 14.

ಈಶಾನ್ಯದಲ್ಲಿ ದೊಡ್ಡ ಮನೆ ಅಸ್ಸಾಂ. ಅದರಿಂದ ಮೊದಲು ಹೊರಬಂದದ್ದು ನಾಗಾಲ್ಯಾಂಡ್, 1963ರ ಡಿಸೆಂಬರ್ 1. 1972ರ ಜನವರಿ 21ರಂದು ಮೇಘಾಲಯ ಬೇರೆಯಾಯಿತು. ಆಗಲೇ ಮಿಜೋರಾಂ ಮತ್ತು ಅರುಣಾಚಲ ಕೇಂದ್ರಾಡಳಿತ ಪ್ರದೇಶಗಳಾದವು. ಹದಿನೈದು ವರ್ಷದ ಮೇಲೆ, 1987ರ ಫೆಬ್ರವರಿ 20ರಂದು, ಅವೆರಡೂ ಒಟ್ಟಿಗೆ ರಾಜ್ಯಗಳಾದವು. ಮಿಜೋರಾಂ ಹಿಂದೆ 1986ರ ಶಾಂತಿ ಒಪ್ಪಂದ ಇದೆ. ಮಣಿಪುರ, ತ್ರಿಪುರ ಕೂಡ 1972ರ ಜನವರಿ 21ರಂದೇ ರಾಜ್ಯಗಳಾದವು, ಆದರೆ ಅವು ಅಸ್ಸಾಮಿನಿಂದ ಬಂದವಲ್ಲ. ಎರಡೂ ರಾಜರ ಸಂಸ್ಥಾನಗಳು, 1949ರ ಅಕ್ಟೋಬರ್‌ನಲ್ಲಿ ಭಾರತಕ್ಕೆ ವಿಲೀನವಾದವು. ಪರೀಕ್ಷೆಯಲ್ಲಿ ಈ ಸಣ್ಣ ವ್ಯತ್ಯಾಸ ಕೇಳುತ್ತಾರೆ.

2000ದ ನವೆಂಬರ್ ತಿಂಗಳು ಹಿಂದಿ ಸೀಮೆಯದ್ದು. 1ರಂದು ಮಧ್ಯಪ್ರದೇಶದಿಂದ ಛತ್ತೀಸ್‌ಗಢ, 9ರಂದು ಉತ್ತರ ಪ್ರದೇಶದಿಂದ ಉತ್ತರಾಂಚಲ (2007ರಲ್ಲಿ ಉತ್ತರಾಖಂಡ ಅಂತ ಹೆಸರು ಬದಲಾಯಿತು), 15ರಂದು ಬಿಹಾರದಿಂದ ಜಾರ್ಖಂಡ್. 15 ಸುಮ್ನೆ ಆರಿಸಿದ ದಿನ ಅಲ್ಲ, ಅದು ಅಲ್ಲಿನ ಆದಿವಾಸಿ ನಾಯಕ ಬಿರ್ಸಾ ಮುಂಡಾ ಜನ್ಮದಿನ. ಮರೆಯುವುದೇ ಇಲ್ಲ ಅಲ್ವಾ?

ಕೊನೆಯದು ತೆಲಂಗಾಣ, 2014ರ ಜೂನ್ 2. 1956ರಲ್ಲಿ ಆಂಧ್ರಕ್ಕೆ ಸೇರಿದ ಹೈದರಾಬಾದಿನ ಭಾಗವೇ ಹೆಚ್ಚುಕಡಿಮೆ ಹಾಗೆಯೇ ಮತ್ತೆ ಹೊರಗೆ ಬಂತು. ಹೈದರಾಬಾದ್ ಹತ್ತು ವರ್ಷ ಇಬ್ಬರಿಗೂ ರಾಜಧಾನಿಯಾಗಿತ್ತು, 2024ರ ಜೂನ್‌ಗೆ ಆ ಅವಧಿ ಮುಗಿಯಿತು.

ಮಣಿಪುರ, ತ್ರಿಪುರದ ಹಾಗೆ ತಮ್ಮದೇ ದಾರಿಯಲ್ಲಿ ಬಂದವರು ಇನ್ನೂ ಇಬ್ಬರು. ಸಿಕ್ಕಿಂ ಚೋಗ್ಯಾಲ್ ಅರಸರ ನಾಡು, ಜನಮತದ ನಂತರ 1975ರ ಮೇ 16ರಂದು 22ನೇ ರಾಜ್ಯವಾಯಿತು. ಗೋವಾ 1961ರ ಡಿಸೆಂಬರ್ 19ರಂದು ಪೋರ್ಚುಗೀಸರಿಂದ ಬಿಡುಗಡೆಯಾಯಿತು. ಮಹಾರಾಷ್ಟ್ರಕ್ಕೆ ಸೇರಬೇಕೇ ಬೇಡವೇ ಅಂತ 1967ರ ಜನವರಿಯಲ್ಲಿ ಜನರನ್ನೇ ಕೇಳಿದರು, ಬೇಡ ಅಂದರು. 1987ರ ಮೇ 30ರಂದು 25ನೇ ರಾಜ್ಯವಾಯಿತು.

ಹಂತ 4: ಅಡ್ಡಹೆಸರಿಗೆ ‘ಯಾಕೆ’ ಅಂತ ಕೇಳಿ

ಅಡ್ಡಹೆಸರುಗಳಿಗೆ ಸರ್ಕಾರಿ ಪಟ್ಟಿ ಇಲ್ಲ. ಕೆಲವು ನೆಲದಿಂದ ಬಂದವು, ಕೆಲವು ಜನರ ಬಾಯಿಂದ, ಕೆಲವು ಪ್ರವಾಸೋದ್ಯಮ ಇಲಾಖೆಯ ಜಾಹೀರಾತಿನಿಂದ. ಯಾವುದು ಎಲ್ಲಿಂದ ಬಂತು ಅಂತ ತಿಳಿದರೆ ಅದರ ಜೊತೆ ಒಂದು ಗಟ್ಟಿ ಸಂಗತಿಯೂ ನಿಮ್ಮದಾಗುತ್ತದೆ.

ಕೇರಳದ ‘ದೇವರ ಸ್ವಂತ ನಾಡು’ ಎಲ್ಲರಿಗೂ ಗೊತ್ತು. ಪರಶುರಾಮನ ಕಥೆಯಿಂದ ಬಂದ ಹಳೆಯ ಬಿರುದು ಅಂತ ಬಹಳ ಜನ ಅಂದುಕೊಂಡಿದ್ದಾರೆ. ಅದು 1989ರಲ್ಲಿ ಕೇರಳ ಪ್ರವಾಸೋದ್ಯಮಕ್ಕಾಗಿ ಜಾಹೀರಾತು ಬರಹಗಾರ ವಾಲ್ಟರ್ ಮೆಂಡೆಜ್ ಕೊಟ್ಟ ಸಾಲು. ಮಧ್ಯಪ್ರದೇಶದ ‘ಭಾರತದ ಹೃದಯ’ವನ್ನೂ ಪ್ರವಾಸೋದ್ಯಮದವರು ಚೆನ್ನಾಗಿ ಬಳಸಿಕೊಂಡರು. ಆದರೆ ಅದಕ್ಕೆ ನಕ್ಷೆಯ ಆಧಾರವೂ ಇದೆ, ದೇಶದ ನಟ್ಟನಡುವೆ ಇರುವ ರಾಜ್ಯ ಅದು. ನಮ್ಮದಕ್ಕೆ ‘ಒಂದು ರಾಜ್ಯ, ಹಲವು ಜಗತ್ತು’ ಅನ್ನುವುದು ಇಲಾಖೆಯ ಸಾಲು. ಜನರ ಬಾಯಲ್ಲಿ ಇರುವುದು ಗಂಧದ ನಾಡು, ಚಿನ್ನದ ನಾಡು. ಶ್ರೀಗಂಧ ನಮ್ಮ ರಾಜ್ಯ ಮರ. ಚಿನ್ನದ ವಿಷಯಕ್ಕೆ ಬಂದರೆ, ಕೋಲಾರದ ಗಣಿ 2001ರಲ್ಲಿ ಮುಚ್ಚಿತು, ರಾಯಚೂರು ಜಿಲ್ಲೆಯ ಹಟ್ಟಿ ಗಣಿಯಲ್ಲಿ ಇಂದಿಗೂ ಚಿನ್ನ ತೆಗೆಯುತ್ತಿದ್ದಾರೆ.

ಪಂಜಾಬ್ ‘ಐದು ನದಿಗಳ ನಾಡು’. ಝೇಲಂ, ಚಿನಾಬ್, ರಾವಿ, ಬಿಯಾಸ್, ಸಟ್ಲೆಜ್. ಈ ಹೆಸರು ದೇಶ ವಿಭಜನೆಗಿಂತ ಹಳೆಯದು. 1947ರ ನಂತರ ನಮ್ಮ ಪಂಜಾಬಿನಲ್ಲಿ ಹರಿಯುವುದು ಸಟ್ಲೆಜ್, ಬಿಯಾಸ್, ರಾವಿ ಮೂರೇ. ಉಳಿದೆರಡು ಗಡಿಯಾಚೆಯ ಪಂಜಾಬಿನವು. ಹೆಸರು ಐದರದ್ದು, ನೀರು ಮೂರರದ್ದು ಅಂತ ಮಕ್ಕಳಿಗೆ ಹೇಳಿದರೆ ವಿಭಜನೆ ಏನು ಮಾಡಿತು ಅನ್ನೋದು ಒಂದೇ ಉಸಿರಿಗೆ ಅರ್ಥವಾಗುತ್ತದೆ.

ಈಶಾನ್ಯದ ಏಳು ರಾಜ್ಯಗಳಿಗೆ ಇರುವ ‘ಏಳು ಸೋದರಿಯರು’ ಅನ್ನುವ ಹೆಸರಿಗೂ ಹುಟ್ಟಿದ ಹೊತ್ತು ಇದೆ. 1972ರ ಜನವರಿಯಲ್ಲಿ ಈಶಾನ್ಯದ ಹೊಸ ನಕ್ಷೆ ಬಂದಾಗ ಪತ್ರಕರ್ತ ಜ್ಯೋತಿ ಪ್ರಸಾದ್ ಸೈಕಿಯಾ ಅದನ್ನು ಬಳಕೆಗೆ ತಂದರು. ಸಿಕ್ಕಿಂ ಆಗಿನ್ನೂ ಭಾರತದ ರಾಜ್ಯವಲ್ಲ. ಅದಕ್ಕೇ ಏಳರಲ್ಲಿ ಅದಿಲ್ಲ, ಆಮೇಲೆ ‘ಸೋದರ’ ಅಂತ ಸೇರಿಸಿಕೊಂಡರು. ಅಸ್ಸಾಮಿಗೆ ‘ಕೆಂಪು ನದಿ, ನೀಲಿ ಬೆಟ್ಟಗಳ ನಾಡು’ ಅನ್ನುವ ಚೆಂದದ ಹೆಸರಿದೆ. ಕೆಂಪು ನದಿ ಬ್ರಹ್ಮಪುತ್ರ. ಅರುಣಾಚಲ ‘ಸೂರ್ಯ ಹುಟ್ಟುವ ನಾಡು’, ದೇಶದ ಪೂರ್ವದ ತುದಿಯಲ್ಲಿದೆ ಅಲ್ವಾ. ನಾಗಾಲ್ಯಾಂಡ್ ‘ಹಬ್ಬಗಳ ನಾಡು’. ಪ್ರತಿ ವರ್ಷ ಡಿಸೆಂಬರ್ 1ಕ್ಕೆ, ಅಂದರೆ ರಾಜ್ಯದ ಹುಟ್ಟುಹಬ್ಬದ ದಿನ, ಕೊಹಿಮಾ ಹತ್ತಿರದ ಕಿಸಾಮಾದಲ್ಲಿ ಹಾರ್ನ್‌ಬಿಲ್ ಹಬ್ಬ ಶುರುವಾಗುತ್ತದೆ.

ಇಲ್ಲಿ ಎಡವುವ ಜಾಗ ಒಂದಿದೆ. ಒಂದೇ ಬಿರುದನ್ನು ಇಬ್ಬರು ಮೂವರು ಹೇಳಿಕೊಳ್ಳುತ್ತಾರೆ. ‘ದೇವಭೂಮಿ’ ಅಂದರೆ ಉತ್ತರಾಖಂಡ, ಬದರಿ, ಕೇದಾರ ಅಲ್ಲೇ ಇವೆ. ಆದರೆ ಹಿಮಾಚಲದವರೂ ತಮ್ಮ ನಾಡನ್ನು ಹಾಗೇ ಕರೆಯುತ್ತಾರೆ. ‘ಭತ್ತದ ಕಣಜ’ ಅಂದರೆ ರಾಜ್ಯಗಳ ಪಟ್ಟಿಯಲ್ಲಿ ಛತ್ತೀಸ್‌ಗಢ. ತಮಿಳರಿಗೆ ಅದು ತಂಜಾವೂರು, ಮಲಯಾಳಿಗಳಿಗೆ ಕುಟ್ಟನಾಡು, ನಮಗೆ ಗಂಗಾವತಿ. ಶಿಲ್ಲಾಂಗ್ ‘ಪೂರ್ವದ ಸ್ಕಾಟ್ಲೆಂಡ್’, ಕೊಡಗು ‘ಭಾರತದ ಸ್ಕಾಟ್ಲೆಂಡ್’. ಪ್ರಶ್ನೆ ಓದುವಾಗ ಕೇಳುತ್ತಿರುವುದು ರಾಜ್ಯವನ್ನೋ, ಜಿಲ್ಲೆಯನ್ನೋ, ಊರನ್ನೋ ಅಂತ ಮೊದಲು ನೋಡಿ. ನಾಲ್ಕು ಆಯ್ಕೆಗಳಲ್ಲಿ ಉತ್ತರಾಖಂಡ, ಹಿಮಾಚಲ ಎರಡೂ ಇದ್ದರೆ ಉತ್ತರಾಖಂಡಕ್ಕೇ ಗುರುತು ಹಾಕುವುದು ಒಳ್ಳೆಯದು.

ಹಂತ 5: ಒಂದು ರಾಜ್ಯಕ್ಕೆ ಒಂದು ಪುಟ

ಇಷ್ಟಾದ ಮೇಲೆ ನೋಟ್ ಪುಸ್ತಕ ತೆಗೆಯಿರಿ. ಒಂದು ರಾಜ್ಯಕ್ಕೆ ಒಂದು ಪುಟ. ಕೋಷ್ಟಕ ಹಾಕಬೇಡಿ, ನಾಲ್ಕು ಮಾತಿನಲ್ಲಿ ಕಥೆಯ ಹಾಗೆ ಬರೆಯಿರಿ. ಮಾದರಿಗೆ ಮೇಘಾಲಯ ತೆಗೆದುಕೊಳ್ಳೋಣ. ಪುಟ ಹೀಗಿರಲಿ:

‘ಮೇಘಾಲಯ, ಮೋಡಗಳ ಮನೆ. ಬಂಗಾಳ ಕೊಲ್ಲಿಯಿಂದ ಬರುವ ತೇವದ ಗಾಳಿ ಬಾಂಗ್ಲಾದೇಶದ ಬಯಲು ದಾಟಿ ಬಂದು ನೇರ ಈ ಬೆಟ್ಟಗಳಿಗೆ ಹೊಡೆಯುತ್ತದೆ, ಮೇಲೇರಿ ಮಳೆಯಾಗುತ್ತದೆ. ಮಾಸಿನ್‌ರಾಮ್‌ನಲ್ಲಿ ವರ್ಷಕ್ಕೆ ಸರಾಸರಿ ಸುಮಾರು 11,800 ಮಿಲಿಮೀಟರ್. ಪಕ್ಕದ ಚಿರಾಪುಂಜಿಗೆ ಅಲ್ಲಿನವರು ಸೊಹ್ರಾ ಅನ್ನುತ್ತಾರೆ. ಗಾರೋ, ಖಾಸಿ, ಜಯಂತಿಯಾ ಮೂರು ಬೆಟ್ಟಸಾಲು, ಅದೇ ಹೆಸರಿನ ಮೂರು ಜನ. ಖಾಸಿಗಳಲ್ಲಿ ಆಸ್ತಿ ಕಿರಿಯ ಮಗಳಿಗೆ. ಅಸ್ಸಾಮಿನಿಂದ 1972ರ ಜನವರಿ 21ರಂದು ಬೇರೆ. ರಾಜಧಾನಿ ಶಿಲ್ಲಾಂಗ್, ಅದು ಮೊದಲು ಅಸ್ಸಾಮಿನ ರಾಜಧಾನಿಯಾಗಿತ್ತು. ಆದ್ದರಿಂದ ಅಸ್ಸಾಂ ಹೊಸದಾಗಿ ಗುವಾಹಟಿಯ ದಿಸ್ಪುರಕ್ಕೆ ಹೋಯಿತು. ಆಡಳಿತ ಭಾಷೆ ಇಂಗ್ಲಿಷ್. ಲೋಕಸಭೆಗೆ 2 ಸ್ಥಾನ: ಶಿಲ್ಲಾಂಗ್, ತುರಾ.’

ನೋಡಿ, ಒಂದು ಅಡ್ಡಹೆಸರಿನಿಂದ ಹೊರಟು ಮಳೆ, ನೆಲ, ಜನ, ತಾರೀಖು, ಎರಡು ರಾಜ್ಯಗಳ ರಾಜಧಾನಿ ಎಲ್ಲ ಬಂತು. ನಮ್ಮ ಆಗುಂಬೆಯನ್ನು ‘ದಕ್ಷಿಣದ ಚಿರಾಪುಂಜಿ’ ಅನ್ನುತ್ತೇವಲ್ಲ, ಅದನ್ನೂ ಪುಟದ ಕೆಳಗೆ ಬರೆದುಕೊಳ್ಳಿ. ಎರಡೂ ಕಡೆ ನಡೆಯುವುದು ಒಂದೇ: ಕಡಲ ಗಾಳಿಗೆ ಅಡ್ಡ ನಿಂತ ಬೆಟ್ಟ.

ದಿನಕ್ಕೆ ಒಂದೇ ಪುಟ ಸಾಕು. ಒಂದು ಮನೆಯ ರಾಜ್ಯಗಳನ್ನು ಒಟ್ಟಿಗೆ ಮುಗಿಸಿ. ಅಸ್ಸಾಂ ಆದ ಮೇಲೆ ನಾಗಾಲ್ಯಾಂಡ್, ಮೇಘಾಲಯ, ಮಿಜೋರಾಂ. ಬಿಹಾರ ಆದ ಮೇಲೆ ಜಾರ್ಖಂಡ್.

ಹಂತ 6: ರಾಜಧಾನಿ ಮತ್ತು ಹೈಕೋರ್ಟ್

ರಾಜಧಾನಿ ಬಹಳ ಜನಕ್ಕೆ ಬರುತ್ತದೆ. ಕೈಕೊಡುವುದು ಹೈಕೋರ್ಟ್ ಇರುವ ಊರು. ಕೇರಳಕ್ಕೆ ಕೊಚ್ಚಿ, ರಾಜಸ್ಥಾನಕ್ಕೆ ಜೋಧಪುರ, ಮಧ್ಯಪ್ರದೇಶಕ್ಕೆ ಜಬಲ್ಪುರ, ಛತ್ತೀಸ್‌ಗಢಕ್ಕೆ ಬಿಲಾಸ್‌ಪುರ, ಒಡಿಶಾಕ್ಕೆ ಕಟಕ್, ಉತ್ತರಾಖಂಡಕ್ಕೆ ನೈನಿತಾಲ್, ಉತ್ತರ ಪ್ರದೇಶಕ್ಕೆ ಪ್ರಯಾಗರಾಜ್, ಗುಜರಾತಿಗೆ ಅಹಮದಾಬಾದ್.

ಇದಕ್ಕೂ ಕಾರಣ ಹಂತ 3ರಲ್ಲೇ ಇದೆ. 1949ರಲ್ಲಿ ತಿರುವಾಂಕೂರು, ಕೊಚ್ಚಿ ಒಂದಾದಾಗ ರಾಜಧಾನಿ ತಿರುವಾಂಕೂರಿನ ಪಾಲಿಗೆ, ಹೈಕೋರ್ಟ್ ಕೊಚ್ಚಿಯ ಪಾಲಿಗೆ ಬಂತು. ರಾಜಸ್ಥಾನದಲ್ಲೂ ಹಾಗೆಯೇ, ಜೈಪುರಕ್ಕೆ ರಾಜಧಾನಿ, ಜೋಧಪುರಕ್ಕೆ ಹೈಕೋರ್ಟ್. ಕಟಕ್ ಒಡಿಶಾದ ಹಳೆಯ ರಾಜಧಾನಿ, ಭುವನೇಶ್ವರಕ್ಕೆ ಸರ್ಕಾರ ಹೋದರೂ ಕೋರ್ಟು ಅಲ್ಲೇ ಉಳಿಯಿತು. ನಾಗಪುರ 1956ರವರೆಗೆ ಹಳೆಯ ಮಧ್ಯಪ್ರದೇಶದ ರಾಜಧಾನಿಯಾಗಿತ್ತು. ಅದನ್ನು ಕಳೆದುಕೊಂಡ ಊರಿಗಾಗಿಯೇ ಮಹಾರಾಷ್ಟ್ರ ವಿಧಾನಮಂಡಲದ ಚಳಿಗಾಲದ ಅಧಿವೇಶನ ಅಲ್ಲಿ ನಡೆಯುತ್ತದೆ. ನಮ್ಮಲ್ಲಿ ಬೆಳಗಾವಿಯ ಸುವರ್ಣ ವಿಧಾನಸೌಧ 2012ರಲ್ಲಿ ಉದ್ಘಾಟನೆಯಾಯಿತು, ಅಧಿವೇಶನವೂ ನಡೆಯುತ್ತದೆ, ರಾಜಧಾನಿ ಮಾತ್ರ ಬೆಂಗಳೂರೇ. ಉತ್ತರಾಖಂಡಕ್ಕೆ ಡೆಹ್ರಾಡೂನ್ ಜೊತೆ ಗೈರ್‌ಸೈಣ್ 2020ರಿಂದ ಬೇಸಿಗೆ ರಾಜಧಾನಿ.

ವಿಧಾನ ಪರಿಷತ್ತು ಇರುವುದು ಆರೇ ರಾಜ್ಯಕ್ಕೆ: ಕರ್ನಾಟಕ, ಮಹಾರಾಷ್ಟ್ರ, ಆಂಧ್ರ, ತೆಲಂಗಾಣ, ಉತ್ತರ ಪ್ರದೇಶ, ಬಿಹಾರ. ನಕ್ಷೆಯಲ್ಲಿ ಬಣ್ಣ ಹಚ್ಚಿ ನೋಡಿ. ನಾಲ್ಕು ಒಂದಕ್ಕೊಂದು ತಾಗಿಕೊಂಡು ಕೆಳಗೆ, ಎರಡು ಜೊತೆಯಾಗಿ ಮೇಲೆ.

ಹಂತ 7: ಅಂಕಿ ಕಡಿಮೆ ಇರಲಿ, ವರ್ಷ ಸಮೇತ ಇರಲಿ

28 ರಾಜ್ಯಗಳ ವಿಸ್ತೀರ್ಣ, ಜನಸಂಖ್ಯೆ ಎಲ್ಲ ತಲೆಗೆ ತುಂಬುವುದು ಬೇಡ. ಮೊದಲು, ಕೊನೆ ಮತ್ತು ನಮ್ಮದು ಇಷ್ಟು ಸಾಕು. ವಿಸ್ತೀರ್ಣದಲ್ಲಿ ರಾಜಸ್ಥಾನ ದೊಡ್ಡದು, 3,42,239 ಚದರ ಕಿಲೋಮೀಟರ್. ಗೋವಾ ಚಿಕ್ಕದು, 3,702. ಕರ್ನಾಟಕ 1,91,791, ಆರನೇ ಸ್ಥಾನ. 2000ಕ್ಕೆ ಮೊದಲು ಮಧ್ಯಪ್ರದೇಶ ದೊಡ್ಡದಾಗಿತ್ತು. ಛತ್ತೀಸ್‌ಗಢ ಹೋದ ಮೇಲೆ ಎರಡನೆಯದಾಯಿತು.

ಜನಸಂಖ್ಯೆಗೆ 2011ರ ಜನಗಣತಿ ಹಿಡಿಯಿರಿ. ಉತ್ತರ ಪ್ರದೇಶ ಸುಮಾರು 20 ಕೋಟಿ, ಸಿಕ್ಕಿಂ ಸುಮಾರು 6.1 ಲಕ್ಷ, ಕರ್ನಾಟಕ ಸುಮಾರು 6.11 ಕೋಟಿ. ಸಾಕ್ಷರತೆಯಲ್ಲಿ ಕೇರಳ ಮೊದಲು, 94%. ಹುಲಿಗಳು 2022ರ ಗಣತಿಯಲ್ಲಿ ಮಧ್ಯಪ್ರದೇಶದಲ್ಲಿ 785, ಕರ್ನಾಟಕದಲ್ಲಿ 563, ಉತ್ತರಾಖಂಡದಲ್ಲಿ 560. ವರ್ಷ ಬರೆಯದೆ ಅಂಕಿ ಮಾತ್ರ ಬರೆದುಕೊಂಡರೆ ಮುಂದಿನ ಗಣತಿ ಬಂದಾಗ ಯಾವುದು ಹೊಸದು ಅಂತಲೇ ತಿಳಿಯುವುದಿಲ್ಲ. ಜಿಲ್ಲೆಗಳ ಸಂಖ್ಯೆಯೂ ಹೀಗೆಯೇ. 2021ರಲ್ಲಿ ವಿಜಯನಗರ ಆದ ಮೇಲೆ ನಮ್ಮದು 31. ಬೇರೆ ರಾಜ್ಯಗಳದ್ದು ಬೇಕಾದಾಗ ಆಯಾ ರಾಜ್ಯ ಸರ್ಕಾರದ ಜಾಲತಾಣದಲ್ಲೇ ನೋಡಿಕೊಳ್ಳಿ.

ಹಂತ 8: ರಸ್ತೆಯಲ್ಲಿ ನಂಬರ್ ಪ್ಲೇಟ್ ಓದಿ

ಕಲಿತದ್ದು ಉಳಿಯಬೇಕಾದರೆ ಪುಸ್ತಕದಿಂದ ಹೊರಗೆ ಬರಬೇಕು. ಮಕ್ಕಳ ಜೊತೆ ಪ್ರಯಾಣ ಹೊರಟಾಗ ಹೆದ್ದಾರಿಯ ಲಾರಿಗಳನ್ನು ನೋಡುತ್ತಾ ಹೋಗಿ. ಪ್ಲೇಟಿನ ಮೊದಲ ಎರಡು ಅಕ್ಷರ ರಾಜ್ಯ. ಆರ್‌ಜೆ ಕಂಡರೆ ರಾಜಸ್ಥಾನ, ರಾಜಧಾನಿ ಹೇಳು, ಹೈಕೋರ್ಟ್ ಎಲ್ಲಿ ಹೇಳು. ಸಿಜಿ ಕಂಡರೆ ಛತ್ತೀಸ್‌ಗಢ, ಯಾವ ರಾಜ್ಯದಿಂದ ಬೇರೆಯಾಯಿತು ಹೇಳು.

ಹೆಸರು ಬದಲಾದ ಇತಿಹಾಸವೂ ಪ್ಲೇಟಿನಲ್ಲೇ ಇದೆ. ಒಡಿಶಾದ ಹಳೆಯ ಗಾಡಿಗಳಲ್ಲಿ ಒಆರ್, ಹೊಸದರಲ್ಲಿ ಒಡಿ. ಉತ್ತರಾಖಂಡದ ಹಳೆಯವು ಯುಎ, ಈಗ ಯುಕೆ. ತೆಲಂಗಾಣದ ಗಾಡಿಗಳಲ್ಲಿ ಮೂರು ಬಗೆ ಸಿಗುತ್ತವೆ. 2014ಕ್ಕೆ ಮೊದಲು ಕೊಂಡವು ಎಪಿ, ಆಮೇಲಿನವು ಟಿಎಸ್, 2024ರಿಂದ ಟಿಜಿ. ರಾತ್ರಿ ಬೆಂಗಳೂರಿನಿಂದ ಹೊರಡುವ ಖಾಸಗಿ ಸ್ಲೀಪರ್ ಬಸ್ಸುಗಳಲ್ಲಿ ಎನ್‌ಎಲ್, ಎಆರ್ ಅಂತ ಕಂಡರೆ ಆಶ್ಚರ್ಯ ಬೇಡ. ನಾಗಾಲ್ಯಾಂಡ್, ಅರುಣಾಚಲದಲ್ಲಿ ನೋಂದಣಿಯಾದ ಬಸ್ಸುಗಳು ಅವು, ತೆರಿಗೆ ಮತ್ತು ಪರ್ಮಿಟ್ ಲೆಕ್ಕಾಚಾರಕ್ಕಾಗಿ ಅಲ್ಲಿ ಮಾಡಿಸಿರುತ್ತಾರೆ. ಕೊಹಿಮಾ, ಇಟಾನಗರ ಎರಡನ್ನೂ ಕೇಳಲು ಅದಕ್ಕಿಂತ ಒಳ್ಳೆಯ ಹೊತ್ತು ಸಿಗುವುದಿಲ್ಲ. ಎರಡು ಅಂಕಿಯಿಂದ ಶುರುವಾಗಿ ಬಿಎಚ್ ಅಂತ ಇರುವ ಪ್ಲೇಟ್ ಕಂಡರೆ ಅದಕ್ಕೆ ರಾಜ್ಯ ಕೇಳಬೇಡಿ. ಆಗಾಗ ವರ್ಗವಾಗುವ ನೌಕರರಿಗಾಗಿ 2021ರಲ್ಲಿ ತಂದ, ಇಡೀ ದೇಶಕ್ಕೆ ಒಂದೇ ಆದ ಸರಣಿ ಅದು. ಮೊದಲ ಎರಡು ಅಂಕಿ ನೋಂದಣಿಯಾದ ವರ್ಷ.